ನೆಲದಲ್ಲಿ ಹೂತು ಮಾಡಿದ ಕುರೋಬೋ: ನನ್ನ ಅನುಭವ

ಕುರೋಬೋ, ಅಂದರೆ ಜಪಾನಿನ ಹಳೇ ಕಾಲದ ಕಲಸಿದ ಧೂಪದ ಉಂಡೆ, ನನ್ನ ಕೈಯಲ್ಲಿ ಕೊನೆಗೂ ಸರಿಯಾಗಿ ಬಂತು. ಊದುಬತ್ತಿ ಕಸುಬಿನ ಗೆಳೆಯರು ಇದು ಆಗೋ ಕೆಲಸ ಅಲ್ಲ ಅಂದಿದ್ದರು. ‘ಕಡ್ಡಿ ಇಲ್ಲ, ಉರಿ ಇಲ್ಲ, ಜೇನುತುಪ್ಪದ ಉಂಡೆ. ಯಾರಪ್ಪ ಕೊಳ್ತಾರೆ?’ ಅಂದವರೇ ಮೊನ್ನೆ ಬಂದು ಎರಡು ಡಬ್ಬಿ ಒಯ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ದಾರಿ ತೋರಿಸಿದ್ದು ಮುರಸಾಕಿ ಶಿಕಿಬು ಬರೆದ ಗೆಂಜಿಯ ಕಥೆ. ಸಾವಿರ ವರ್ಷದ ಹಿಂದೆ ಕ್ಯೋತೋ ಅರಮನೆಯಲ್ಲಿ ರಾಣಿಯ ಸೇವೆಯಲ್ಲಿದ್ದ ಹೆಂಗಸು ಆಕೆ. ಪುಸ್ತಕದಲ್ಲಿ 54 ಅಧ್ಯಾಯ ಇವೆ. ನಮ್ಮ ಕಸುಬಿನವರು 32ನೆಯದನ್ನಾದರೂ ಓದಲೇಬೇಕು. ಮಗಳು ಪ್ರಾಯಕ್ಕೆ ಬಂದ ಶಾಸ್ತ್ರಕ್ಕೆ ಕಥಾನಾಯಕ ಗೆಂಜಿ ಧೂಪದ ಸ್ಪರ್ಧೆ ಇಡುತ್ತಾನೆ. ಹೆಂಗಸರಿಗೆಲ್ಲ ಸಾಮಾನು ಹಂಚಿ, ಎರಡೆರಡು ಬಗೆ ಮಾಡಿ ಅನ್ನುತ್ತಾನೆ. ಮನೆ ತುಂಬ ಕಬ್ಬಿಣದ ಒರಳಿನ ಸದ್ದು. ಅವನೂ ಒಂದು ಕಡೆ ಗುಟ್ಟಾಗಿ ಕೂತು ನಿನ್ಮ್ಯೋ ಚಕ್ರವರ್ತಿಯ ಕಾಲದ ಎರಡು ಪಾಕ ಮಾಡುತ್ತಾನೆ. ಗಂಡಸರಿಗೆ ಹೇಳಬಾರದು ಅಂತಿದ್ದ ಪಾಕ ಇವನ ಕಿವಿಗೆ ಹೇಗೆ ಬಿತ್ತೋ ಅಂತ ಬರೆದವಳೇ ಕೇಳುತ್ತಾಳೆ! ಗೆಂಜಿಯ ಹೆಂಡತಿ ಮುರಸಾಕಿಯೂ (ಬರೆದವಳಲ್ಲ, ಕಥೆಯ ಪಾತ್ರ) ಪರದೆಯ ಹಿಂದೆ ಕೂತು ತನ್ನದನ್ನು ಬಚ್ಚಿಡುತ್ತಾಳೆ. ನಾವೂ ಮಸಾಲೆ ಕಲಸುವಾಗ ಬಾಗಿಲು ಹಾಕಿಕೊಳ್ಳುತ್ತೇವೆ, ಅಲ್ವಾ?

ಕುರೋಬೋಗೆ ಬೇಕಾದ್ದು ಅಗರು, ಲವಂಗ, ಶ್ರೀಗಂಧ, ನಖ, ಕುಂದುರು ಅನ್ನೋ ಧೂಪದ ಅಂಟು, ಕಸ್ತೂರಿ. ಜೊತೆಗೆ ಇದ್ದಿಲ ಪುಡಿ, ಜೇನುತುಪ್ಪ. ಗೆಂಜಿಯ ಕಥೆ ಹುಟ್ಟಿದ ಹೆಯಾನ್ ಕಾಲದ ಕೊನೆಯಲ್ಲಿ ಈ ಪಾಕಗಳನ್ನೆಲ್ಲ ಒಂದು ಕಡೆ ಕೂಡಿಸಿಟ್ಟಿದ್ದಾರೆ. ಅದರಲ್ಲಿ ಒಂದೇ ಧೂಪಕ್ಕೆ ಒಬ್ಬೊಬ್ಬರದು ಒಂದೊಂದು ಅಳತೆ. ನಾನು ಅಗರನ್ನೇ ಅರ್ಧದಷ್ಟು ಇಟ್ಟುಕೊಂಡೆ. ಮುಂದಿನ ಪಾಲು ಲವಂಗಕ್ಕೆ. ಶ್ರೀಗಂಧ ತೀರಾ ಕಮ್ಮಿ. ಮೈಸೂರಿನವನಿಗೆ ಇದು ಕಷ್ಟದ ವಿಷಯ. ನಮ್ಮ ಕಡೆಯ ಗಂಧಕ್ಕೆ ಜಪಾನಿನ ಧೂಪದವರು ‘ರೋಝಾನ್’ ಅಂತ ಬೇರೆ ಹೆಸರೇ ಇಟ್ಟು ಮೇಲಿನ ದರ್ಜೆ ಕೊಟ್ಟಿದ್ದಾರೆ. ಆದರೂ ಈ ಪಾಕದಲ್ಲಿ ಗಂಧ ಜಾಸ್ತಿಯಾದರೆ ಅಗರು ಮುಚ್ಚಿಹೋಗುತ್ತದೆ.

ಕಸ್ತೂರಿಮೃಗದ ಕಸ್ತೂರಿಯನ್ನು ಮುಟ್ಟುವ ಹಾಗಿಲ್ಲ, ಕಾನೂನಿದೆ. ಲತಾಕಸ್ತೂರಿ ಬೀಜ ಹಾಕಿದೆ. ಹುರಿದರೆ ಕೆಡುತ್ತದೆ, ಹಸಿಯಾಗಿಯೇ ಅರೆಯಬೇಕು. ನಖ ಅಂದರೆ ಸಮುದ್ರದ ಶಂಖದ ಹುಳುವಿನ ಬಾಯಿಮುಚ್ಚಳ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಹಾಗೇ ಸುಟ್ಟರೆ ಕೂದಲು ಸುಟ್ಟ ನಾತ. ಬೇಯಿಸಿ, ತೊಳೆದು, ಹುರಿದು ಪುಡಿ ಮಾಡಿ ಚಿಟಿಕೆಯಷ್ಟು ಹಾಕಿದರೆ ಉಳಿದ ವಾಸನೆಗಳನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಯಾವುದರಲ್ಲಿ ಬೇಯಿಸಬೇಕು ಅನ್ನೋದನ್ನ ಇಲ್ಲಿ ಹೇಳಲ್ಲ. ನನಗೆ ಅದಕ್ಕೇ ಒಂದು ವರ್ಷದ ಹತ್ತಿರ ಹಿಡಿಯಿತು.

ದುಡ್ಡು ಹೋಗಿದ್ದು ಅಗರಿಗೆ. ಅಸ್ಸಾಮಿನ ತೋಟದ ಚಕ್ಕೆ, ಕಾಲು ಕೆಜಿಗೆ ಸುಮಾರು 20 ಸಾವಿರ ಕೊಟ್ಟ ನೆನಪು. ಮೊದಲ ಪಾಕ ಪೂರ್ತಿ ಬೂಸಲು ಹಿಡಿಯಿತು. ಆಮೇಲಿನದು ಹುಳಿ ಬಂದು ಜಾಡಿಯ ಮುಚ್ಚಳವನ್ನೇ ಎತ್ತಿತು. ಇನ್ನೊಂದು ಕಲ್ಲಿನ ಹಾಗೆ ಗಟ್ಟಿಯಾಯಿತು. ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಮಣ್ಣುಪಾಲು. ಮನೆಯಲ್ಲಿ ಅಮ್ಮ ಮಾತು ಬಿಟ್ಟಿದ್ದರು.

ತೊಂದರೆ ಇದ್ದದ್ದು ಜೇನುತುಪ್ಪದ ನೀರಿನಲ್ಲಿ. ಹಸಿ ಜೇನುತುಪ್ಪ ನಮ್ಮ ಸೆಕೆಗೆ ತಡೆಯಲ್ಲ. ಸಣ್ಣ ಉರಿಯಲ್ಲಿ ಕಾಯಿಸಿ, ನೊರೆ ತೆಗೆದು, ಐದರಲ್ಲಿ ಒಂದು ಪಾಲು ಇಂಗಿಸಿದ ಮೇಲೆ ಬೂಸಲು ನಿಂತಿತು. ಇದ್ದಿಲ ಪುಡಿಯನ್ನೂ ಬಟ್ಟೆಯಲ್ಲಿ ಸೋಸಲೇಬೇಕು.

ಆಮೇಲೆ ಹೂಳುವುದು. ಗೆಂಜಿ ತನ್ನ ಧೂಪವನ್ನು ಪಡುವಣ ಮೊಗಸಾಲೆಯ ಕೆಳಗಿಂದ ಹರಿಯುವ ನೀರಿನ ದಂಡೆಯಲ್ಲಿ ಹೂಳಿಸಿದ್ದ. ಸ್ಪರ್ಧೆಯ ದಿನ ಆಳಿನಿಂದ ಅಗೆಸಿ ತರಿಸುತ್ತಾನೆ. ಇದು ಕಥೆಯ ಚೆಂದಕ್ಕೆ ಬರೆದದ್ದು ಅಂತ ಎಲ್ಲರೂ ಅಂದರು. ಅಲ್ಲ. ನೀರಿನ ಹತ್ತಿರದ ಮಣ್ಣು ಹಗಲೂ ರಾತ್ರಿ ಒಂದೇ ತಂಪು ಇಟ್ಟುಕೊಳ್ಳುತ್ತದೆ. ಬಾವಿಕಟ್ಟೆಯ ಪಕ್ಕ ಮೊಣಕಾಲುದ್ದ ಅಗೆದು ಪಿಂಗಾಣಿ ಜಾಡಿ ಹೂತೆ. ಅದೇ ಪಾಕ ಕಪಾಟಿನಲ್ಲಿಟ್ಟದ್ದು ಲವಂಗ ಬೇರೆ, ಅಗರು ಬೇರೆ ಅನ್ನುವ ಹಾಗಿತ್ತು. ಮಣ್ಣಿನಿಂದ ತೆಗೆದದ್ದು ಒಂದೇ ವಾಸನೆ.

ಇಷ್ಟಾದರೂ ಮಾರ್ಚ್ ಮಧ್ಯಾಹ್ನ ಬಿಸಿಗೆ ಇಟ್ಟರೆ ವಾಸನೆಯೇ ಇಲ್ಲ. ಆಗ ಮತ್ತೆ ಓದಿದೆ. ಸ್ಪರ್ಧೆಯ ದಿನ ಜಿಟಿಜಿಟಿ ಮಳೆ ಬಂದಿರುತ್ತದೆ. ಸಂಜೆಯ ತೇವದಲ್ಲೇ ಇದನ್ನು ನೋಡಬೇಕು ಅಂತ ಗೆಂಜಿ ಹೇಳುತ್ತಾನೆ. ಆಷಾಢದ ಒಂದು ಸಂಜೆ, ಬೂದಿಯೊಳಗೆ ಕೆಂಡ ಮುಚ್ಚಿ, ಉಂಡೆಯನ್ನು ಕೆಂಡಕ್ಕೆ ತಾಗದ ಹಾಗೆ ಬೂದಿಯ ಮೇಲಿಟ್ಟೆ. ಹೊಗೆ ಇಲ್ಲ. ಹತ್ತು ನಿಮಿಷಕ್ಕೆ ಹಜಾರ ತುಂಬಿತು, ಮಹಡಿಗೂ ಹೋಯಿತು. ಅಮ್ಮ ಅಡುಗೆಮನೆಯಿಂದ ಎದ್ದು ಬಂದರು. ಕ್ಯೋತೋದಿಂದ ತರಿಸಿದ್ದ ಕುರೋಬೋ ಪಕ್ಕದಲ್ಲಿಟ್ಟು, ಹೆಸರು ಹೇಳದೆ ನಮ್ಮ ಕೆಲಸದವರಿಗೆ ಮೂಸಿಸಿದೆ. ಮುಕ್ಕಾಲು ಪಾಲು ಜನ ನನ್ನದನ್ನೇ ಆರಿಸಿದರು.

ನಡುವೆ ಬಟ್ಟೆಗೂ ಹಾಕಿ ನೋಡಿದೆ. ಆ ಅರಮನೆಯವರು ಧೂಪದ ಮೇಲೆ ಚೌಕಟ್ಟು ಇಟ್ಟು ಉಡುಪು ಹರವುತ್ತಿದ್ದರು. ಬಾಣಂತಿಗೆ ಸಾಂಬ್ರಾಣಿ ಹಾಕುವ ಬಿದಿರು ಬುಟ್ಟಿಯೇ ಇದಕ್ಕೆ ಸಾಕು. ಕೆಳಗೆ ಬಿಸಿನೀರಿನ ತಟ್ಟೆ ಇಟ್ಟರೆ ಪರಿಮಳ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ರೇಷ್ಮೆ ಸೀರೆಯಲ್ಲಿ ನಾಲ್ಕೈದು ದಿನ ನಿಂತಿತು, ಹತ್ತಿಯಲ್ಲಿ ಮರುದಿನಕ್ಕೇ ಇಲ್ಲ. ಕತ್ತಲಲ್ಲಿ ಬರೀ ವಾಸನೆಯಿಂದ ಬಂದವರು ಯಾರು ಅಂತ ಗೊತ್ತಾಗುವ ಸನ್ನಿವೇಶಗಳು ಆ ಕಥೆಯಲ್ಲಿವೆ. ಕೊನೆಯ ಅಧ್ಯಾಯಗಳಲ್ಲಿ ಕಓರು ಹುಟ್ಟಿನಿಂದಲೇ ಪರಿಮಳದವನು, ನಿಓಉ ಅವನ ಮೇಲಿನ ಹಠಕ್ಕೆ ಬಗೆಬಗೆ ಧೂಪ ಹಾಕಿಕೊಳ್ಳುವವನು. ಸೀರೆ ಮಡಿಸುವಾಗ ಅದೆಲ್ಲ ನನಗೆ ನಿಜ ಅನ್ನಿಸಿತು.

ಇದೇ ಹಿಟ್ಟನ್ನು ಕಡ್ಡಿಗೆ ಸುತ್ತಿಯೂ ನೋಡಿದೆ. ಜೇನುತುಪ್ಪ ಸೀದು ಕಹಿ ಹೊಗೆ ಬಂತು. ಉರಿ ತಾಗಿಸಲೇಬಾರದು.

ಜಪಾನಿನಲ್ಲಿ ಇದು ಈಗಲೂ ಬಳಕೆಯಲ್ಲಿದೆ. ಚಹಾ ವಿಧಿಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಒಲೆಗೆ ಇಂಥ ಕಲಸಿದ ಉಂಡೆಯನ್ನೇ ಹಾಕುತ್ತಾರೆ, ಬೇಸಿಗೆಯಲ್ಲಿ ಶ್ರೀಗಂಧದ ಚೂರು. ಐದು ಧೂಪ ಮೂಸಿ ಯಾವುದಕ್ಕೆ ಯಾವುದು ಸಮ ಅಂತ ಹೇಳುವ ಆಟಕ್ಕೆ ಗೆಂಜಿಯ ಹೆಸರೇ ಇದೆ. ಅದಕ್ಕೆ ಬರುವ ಉತ್ತರಗಳು 52. ಮೊದಲ ಮತ್ತು ಕೊನೆಯ ಅಧ್ಯಾಯ ಬಿಟ್ಟು ಉಳಿದವುಗಳ ಹೆಸರನ್ನು ಅವಕ್ಕೆ ಇಟ್ಟಿದ್ದಾರೆ.

ನನಗೆ ಒಂದು ಉಂಡೆಗೆ 45 ರೂಪಾಯಿಯಷ್ಟು ಬೀಳುತ್ತದೆ, 90ಕ್ಕೆ ಕೊಡುತ್ತಿದ್ದೇನೆ. ಹಾಳಾದ ದುಡ್ಡಿನಲ್ಲಿ ಅರ್ಧ ವಾಪಸ್ ಬಂದಿದೆ. ಈಗ ಬೇಸಿಗೆಯ ಧೂಪ ಕಯೋ ಶುರು ಮಾಡಿದ್ದೇನೆ, ತಾವರೆಯ ಹೆಸರಿನದು. ಜಟಾಮಾಂಸಿ ಎಷ್ಟು ಹಾಕಬೇಕು ಅನ್ನೋದು ಇನ್ನೂ ಕೂತಿಲ್ಲ. ಎರಡು ಜಾಡಿ ಬಾವಿಯ ಪಕ್ಕ ಇವೆ, ಬರುವ ವಾರ ತೆಗೆಯಬೇಕು.