ಡ್ರಾಯರ್‌ನ ಫೋನ್ ಜೇಬಿಗೆ, ಜೇಬಿನ ಫೋನ್ ಡ್ರಾಯರ್‌ಗೆ

ನನ್ನ ಹಳೆಯ ಫೋನ್ ಕೆಟ್ಟಿರಲಿಲ್ಲ. ಸ್ಕ್ರೀನ್ ಚೆನ್ನಾಗಿತ್ತು, ಬ್ಯಾಟರಿ ಒಂದು ದಿನ ಬರುತ್ತಿತ್ತು. ಅಪ್‌ಡೇಟ್ ಬರುವುದು ನಿಂತಿತ್ತು, ಅಷ್ಟೇ. ಹೊಸದು ಕೊಂಡೆ, ಹಳೆಯದು ಡ್ರಾಯರ್ ಸೇರಿತು. ಒಂದು ವರ್ಷ ಅಲ್ಲೇ ಬಿದ್ದಿತ್ತು. ಆಮೇಲೊಂದು ದಿನ ಸುಮ್ನೆ ಕುತೂಹಲಕ್ಕೆ ಅದರ ಆಂಡ್ರಾಯ್ಡ್ ತೆಗೆದು ಉಬುಂಟು ಟಚ್ ಹಾಕಿದೆ. ಅದು ಲಿನಕ್ಸ್ ಮೇಲೆ ಕಟ್ಟಿದ ಬೇರೆಯದೇ ಓಎಸ್, ಅಂದರೆ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್. ಈಗ ನನ್ನ ಸಿಮ್ ಇರುವುದು ಅದರಲ್ಲೇ.

ಬೇರೆ ಓಎಸ್ ಹುಡುಕುವವರಿಗೆ ಮೊದಲು ಸಿಗುವ ಹೆಸರುಗಳು ಲಿನೇಜ್ ಓಎಸ್, ಗ್ರಾಫೀನ್ ಓಎಸ್, ಇ ಓಎಸ್. ಎಲ್ಲವೂ ಒಳ್ಳೆಯವೇ. ಆದರೆ ಒಳಗಿರುವುದು ಆಂಡ್ರಾಯ್ಡೇ. ಆ್ಯಪ್‌ಗಳನ್ನು ಬಿಡಲಾರೆ ಅನ್ನುವವರು ಅಲ್ಲಿಗೇ ಹೋಗುವುದು ವಾಸಿ, ನನ್ನ ಕಥೆ ಅವರಿಗಲ್ಲ. ನನಗೆ ಪೂರ್ತಿ ಬೇರೆಯದೇ ಬೇಕಿತ್ತು. ನೋಕಿಯಾದಲ್ಲಿ ಮೀಗೋ ಎಂಬ ಓಎಸ್ ಮೇಲೆ ಕೆಲಸ ಮಾಡಿದ್ದವರು ಕಟ್ಟಿದ ಸೈಲ್‌ಫಿಶ್ ನೋಡಿದೆ, ನನ್ನ ಫೋನ್ ಅದರ ಪಟ್ಟಿಯಲ್ಲಿರಲಿಲ್ಲ. ಪೋಸ್ಟ್‌ಮಾರ್ಕೆಟ್ ಓಎಸ್‌ನವರ ಆಸೆ ದೊಡ್ಡದು, ಒಂದು ಫೋನ್ 10 ವರ್ಷ ಬಾಳಬೇಕು ಅನ್ನುತ್ತಾರೆ. ಆದರೆ ಎಷ್ಟೋ ಫೋನ್‌ಗಳಲ್ಲಿ ಅದು ಬೂಟ್ ಆಗುತ್ತದೆ, ಕರೆ ಹೋಗುವುದಿಲ್ಲ. ಫೋನ್ ಅಂದಮೇಲೆ ಕರೆ ಹೋಗಬೇಕು ಅಲ್ವಾ? ಉಳಿದದ್ದು ಉಬುಂಟು ಟಚ್. ಕೆನಾನಿಕಲ್ ಕಂಪನಿ 2013ರಲ್ಲಿ ಘೋಷಿಸಿ, 2017ರಲ್ಲಿ ಕೈಬಿಟ್ಟ ಕೂಸು ಅದು. ಯುಬಿಪೋರ್ಟ್ಸ್ ಎಂಬ ಬಳಗ ಎತ್ತಿಕೊಂಡು ಸಾಕುತ್ತಿದೆ.

ಅವರ ಪಟ್ಟಿಯಲ್ಲಿ ಪ್ರತಿ ಫೋನಿಗೂ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅಂತ ಬಿಡಿಬಿಡಿಯಾಗಿ ಬರೆದಿರುತ್ತಾರೆ. ಕ್ಯಾಮೆರಾ, ಜಿಪಿಎಸ್, ಬ್ಲೂಟೂತ್, ಫಿಂಗರ್‌ಪ್ರಿಂಟ್, ಎಲ್ಲಾ. ನಿಮ್ಮ ಮಾಡೆಲ್‌ನ ಹೆಸರು ಕಂಡ ಕೂಡಲೇ ಖುಷಿಪಡಬೇಡಿ, ಕೆಳಗಿನ ಸಾಲುಗಳನ್ನು ಓದಿ. ಒಂದೇ ಹೆಸರಿನ ಫೋನಿಗೆ ಒಳಗೆ ಎರಡು ಮೂರು ತಳಿ ಇರುವುದೂ ಉಂಟು. ಮೊದಲು ಇಂಥದ್ದೇ ಆಂಡ್ರಾಯ್ಡ್ ಆವೃತ್ತಿ ಇರಬೇಕು ಅನ್ನುವ ಷರತ್ತೂ ಹಲವು ಫೋನ್‌ಗಳಿಗೆ ಇರುತ್ತದೆ. ಯಾಕೆಂದರೆ ಈ ಓಎಸ್‌ನ ಅಡಿಯಲ್ಲಿ ಹೇಲಿಯಮ್ ಎಂಬ ಪದರವಿದೆ. ಅದು ಫೋನಿನ ಜೊತೆ ಬಂದ ಆಂಡ್ರಾಯ್ಡ್ ಡ್ರೈವರ್‌ಗಳನ್ನೇ, ಅಂದರೆ ಕ್ಯಾಮೆರಾದಂಥ ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರನ್ನೇ, ಬಳಸಿಕೊಳ್ಳುತ್ತದೆ. ಹಾಗಾಗಿ ಮೇಲಿನ ಮನೆ ಹೊಸದಾದರೂ ಪಾಯ ಹಳೆಯದೇ. ಹಳೆ ಫೋನ್ ಪೂರ್ತಿ ಸುರಕ್ಷಿತವಾಯಿತು ಅಂತ ನಾನು ಹೇಳುವುದಿಲ್ಲ.

ಹಾಕುವ ಕೆಲಸ ಒಂದು ಸಂಜೆಯದು. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದೆ, ಓಇಎಂ ಅನ್‌ಲಾಕ್ ಆನ್ ಮಾಡಿದೆ, ಕಂಪ್ಯೂಟರ್‌ನಿಂದ ಆದೇಶ ಕೊಡಬಹುದಾದ ಫಾಸ್ಟ್‌ಬೂಟ್ ಸ್ಥಿತಿಗೆ ಹೋಗಿ, ಫೋನ್ ಆನ್ ಆದಾಗ ಓಎಸ್ ಎಬ್ಬಿಸುವ ಬೂಟ್‌ಲೋಡರ್ ಅನ್‌ಲಾಕ್ ಮಾಡಿದೆ. ಉಳಿದದ್ದನ್ನು ಯುಬಿಪೋರ್ಟ್ಸ್ ಇನ್‌ಸ್ಟಾಲರ್ ಕಂಪ್ಯೂಟರ್‌ನಿಂದಲೇ ಮಾಡುತ್ತದೆ. ಇನ್‌ಸ್ಟಾಲರ್‌ಗೆ ಫೋನೇ ಕಾಣಿಸುತ್ತಿಲ್ಲ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ. ನೋಡಿದರೆ ಕೇಬಲ್ ಬರೀ ಚಾರ್ಜಿಂಗಿನದು, ಡೇಟಾ ತಂತಿಯೇ ಇಲ್ಲದ್ದು. ಅದು ಚಿಕ್ಕ ಪೆಟ್ಟು. ದೊಡ್ಡದು ಬೇರೆ: ಬೂಟ್‌ಲೋಡರ್ ಅನ್‌ಲಾಕ್ ಆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ನನಗೆ ಗೊತ್ತಿತ್ತು. ವರ್ಷದಿಂದ ಮುಟ್ಟದ ಫೋನ್, ಅದರಲ್ಲೇನಿದೆ ಅಂದುಕೊಂಡೆ. ಫೋಟೋ ಎಲ್ಲ ಮೊದಲೇ ತೆಗೆದಿಟ್ಟಿದ್ದೆ, ಆದರೆ ವಾಯ್ಸ್ ರೆಕಾರ್ಡರ್‌ನಲ್ಲಿ ಮನೆಯವರ ಮಾತು ಒಂದಷ್ಟು ಇತ್ತು ಅನ್ನುವುದು ಮರುದಿನ ನೆನಪಾಯಿತು. ಈಗಲೂ ಚುರುಕ್ ಅನ್ನುತ್ತದೆ.

ಮೊದಲ ವಾರ ಬೆರಳುಗಳದ್ದೇ ಜಗಳ. ಕೆಳಗೆ ಹಿಂದಕ್ಕೆ ಹೋಗುವ ಬಟನ್ ಇಲ್ಲ. ಎಡ ಅಂಚಿನಿಂದ ಎಳೆದರೆ ಆ್ಯಪ್‌ಗಳ ಸಾಲು, ಬಲ ಅಂಚಿನಿಂದ ಎಳೆದರೆ ತೆರೆದಿರುವ ಆ್ಯಪ್‌ಗಳು, ಮೇಲಿಂದ ಎಳೆದರೆ ಸೆಟ್ಟಿಂಗ್‌ಗಳು. ಎಂಟನೇ ದಿನಕ್ಕೆ ಹೊಸ ಫೋನಿನಲ್ಲೂ ಎಡದಿಂದ ಎಳೆಯತೊಡಗಿದ್ದೆ.

ಲಿನಕ್ಸ್ ಗೊತ್ತಿರುವವರು ಬೀಳುವ ಗುಂಡಿಗೆ ನಾನೂ ಬಿದ್ದೆ. ಆದೇಶ ಟೈಪ್ ಮಾಡಲು ಟರ್ಮಿನಲ್ ಇದೆ, ಸಾಫ್ಟ್‌ವೇರ್ ಪ್ಯಾಕೇಜ್ ಹಾಕಲು ಆಪ್ಟ್ ಕಮಾಂಡ್ ಇದೆ, ಇನ್ನೇನು ಬೇಕು? ಸಿಸ್ಟಮ್ ಭಾಗ ರೀಡ್ ಓನ್ಲಿ ಇತ್ತು, ಅಂದರೆ ಬದಲಿಸಲು ಬಿಡುತ್ತಿರಲಿಲ್ಲ, ಅದನ್ನು ಬಿಚ್ಚಿ ನನಗೆ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ತುಂಬಿದೆ. ಮುಂದಿನ ಅಪ್‌ಡೇಟ್ ಬಂತು, ಎಲ್ಲವೂ ಮಾಯ. ಇಲ್ಲಿ ಅಪ್‌ಡೇಟ್ ಅಂದರೆ ಸಿಸ್ಟಮ್ ಇಮೇಜನ್ನೇ ಬದಲಿಸುವುದು. ತಪ್ಪು ನನ್ನದೇ. ಆ ಭಾಗಕ್ಕೆ ಬೀಗ ಹಾಕಿಟ್ಟಿರುವುದು ಸುಮ್ಮನೆ ಅಲ್ಲ. ಈಗ ಉಬುಂಟು ಟಚ್‌ನ ಆ್ಯಪ್ ಅಂಗಡಿಯಾದ ಓಪನ್‌ಸ್ಟೋರ್‌ನಲ್ಲಿ ಸಿಗುವುದನ್ನಷ್ಟೇ ಬಳಸುತ್ತೇನೆ.

ಇನ್ನೊಂದು ಪಾಠ ಕಲಿಸಿದ್ದು ನಡಿಗೆ ದಾಖಲಿಸುವ ಆ್ಯಪ್. ಮನೆಗೆ ಬಂದು ನಕ್ಷೆ ತೆರೆದರೆ ಅರ್ಧ ಗಂಟೆಯ ನಡಿಗೆ ಒಂದೇ ನೇರ ಗೆರೆ, ನಾನು ಕೆರೆಯ ನೀರಿನ ಮೇಲೇ ನಡೆದು ಹೋದ ಹಾಗೆ! ಸ್ಕ್ರೀನ್ ಆರಿದಾಗ ಅಥವಾ ಬೇರೆ ಆ್ಯಪ್ ತೆರೆದಾಗ ಹಿಂದಿನದನ್ನು ಈ ಓಎಸ್ ಹಾಗೇ ಹೆಪ್ಪುಗಟ್ಟಿಸುತ್ತದೆ. ಬ್ಯಾಟರಿಗೆ ಒಳ್ಳೆಯದು, ಹಿಂದಿನಿಂದ ಕದ್ದು ನೋಡುವ ಆ್ಯಪ್‌ಗಳಿಗೂ ಕಡಿವಾಣ. ಬೇಕಾದ ಆ್ಯಪ್‌ಗೆ ಮಾತ್ರ ವಿನಾಯಿತಿ ಕೊಡಲು ಟ್ವೀಕ್ ಟೂಲ್ ಅಂತ ಒಂದಿದೆ.

ಸಿಮ್ ಬದಲಿಸಲು ಎರಡು ತಿಂಗಳು ತೆಗೆದುಕೊಂಡೆ. ಇಲ್ಲಿ ಮಾಡಿದ ಒಂದೇ ಬುದ್ಧಿವಂತಿಕೆ ಅಂದರೆ, ಹತ್ತು ದಿನ ಫೋನ್ ಎತ್ತಿಕೊಂಡಾಗಲೆಲ್ಲ ಯಾತಕ್ಕೆ ಅಂತ ಕಾಗದದ ಮೇಲೆ ಬರೆದಿಟ್ಟದ್ದು. ಎಪ್ಪತ್ತಕ್ಕೂ ಜಾಸ್ತಿ ಆ್ಯಪ್‌ಗಳಿದ್ದವು, ತೆರೆದದ್ದು ಹನ್ನೊಂದು. ಅದರಲ್ಲಿ ಆರಕ್ಕೆ ಬ್ರೌಸರ್ ಸಾಕು. ಕಾಂಟ್ಯಾಕ್ಟ್‌ಗಳು ವಿಸಿಎಫ್ ಫೈಲ್ ಆಗಿ ಬಂದವು. ನಕ್ಷೆಗೆ ಪ್ಯೂರ್ ಮ್ಯಾಪ್ಸ್ ಹಾಕಿದೆ. ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ದಾರಿ ತೋರಿಸುತ್ತದೆ. ಲಾಗಿನ್‌ಗೆ ಬೇಕಾದ ಆರಂಕಿ ಕೋಡ್‌ಗಳ ಭಯ ಜಾಸ್ತಿ ಇತ್ತು. ಆದರೆ 30 ಸೆಕೆಂಡಿಗೊಮ್ಮೆ ಬದಲಾಗುವ ಆ ಕೋಡ್ ಯಾವ ಆ್ಯಪ್‌ನ ಸ್ವತ್ತೂ ಅಲ್ಲ. ಟಿಓಟಿಪಿ ಅನ್ನುವ ಮುಕ್ತ ವಿಧಾನ ಅದು. ಗುಟ್ಟಿನ ಕೀ ಮತ್ತು ಸರಿಯಾದ ಗಡಿಯಾರ ಇದ್ದರೆ ಎಲ್ಲಿ ಬೇಕಾದರೂ ಅದೇ ಸಂಖ್ಯೆ ಬರುತ್ತದೆ. ಹಳೆ ಆ್ಯಪ್ ಅಳಿಸುವ ಮೊದಲು ಕೀಗಳನ್ನು ಹೊರತೆಗೆದಿಟ್ಟರೆ ಆಯಿತು.

ಒಪ್ಪದೇ ನಿಂತದ್ದು ಎರಡು: ಬ್ಯಾಂಕ್ ಆ್ಯಪ್ ಮತ್ತು ವಾಟ್ಸಾಪ್. ವೇಡ್ರಾಯ್ಡ್ ಹಾಕಿಕೊಂಡರೆ ಉಬುಂಟು ಟಚ್ ಒಳಗೇ ಒಂದು ಪೆಟ್ಟಿಗೆಯಲ್ಲಿ ಆಂಡ್ರಾಯ್ಡ್ ಓಡಿಸಬಹುದು. ಓಡಿಸಿದೆ. ಬ್ಯಾಂಕ್ ಆ್ಯಪ್ ಬಾಗಿಲಲ್ಲೇ ನಿಂತಿತು. ಇಂಥ ಆ್ಯಪ್‌ಗಳಲ್ಲಿ ಬಹಳಷ್ಟು, ಫೋನಿನ ಸಾಫ್ಟ್‌ವೇರ್ ಪ್ರಮಾಣಿತವೇ ಅಂತ ಮೊದಲು ಕೇಳಿ ನೋಡುತ್ತವೆ, ಅದಕ್ಕೆ ಇಲ್ಲಿ ಉತ್ತರವಿಲ್ಲ. ಬ್ಯಾಟರಿ ಬೇರೆ ಕರಗುತ್ತಿತ್ತು. ತೆಗೆದುಹಾಕಿದೆ. ಬ್ಯಾಂಕಿನ ಕೆಲಸ ಈಗ ಬ್ರೌಸರ್‌ನಲ್ಲಿ, ಓಟಿಪಿ ಎಸ್ಎಂಎಸ್‌ನಲ್ಲಿ.

ಕರೆಯ ವಿಷಯ ಮುಚ್ಚಿಡಬಾರದು. ನನ್ನ ಫೋನಿನಲ್ಲಿ ಈ ಓಎಸ್‌ಗೆ ವೋಲ್ಟೆ ಬರುವುದಿಲ್ಲ, ಅಂದರೆ 4ಜಿ ಮೇಲೆಯೇ ಮಾತು ಸಾಗುವುದಿಲ್ಲ. ಕರೆ ಬಂದ ಕೂಡಲೇ ಫೋನ್ 4ಜಿಯಿಂದ ಕೆಳಗಿಳಿಯುತ್ತದೆ. 2ಜಿಗೆ ಇಳಿದರಂತೂ ಮಾತು ಮುಗಿಯುವವರೆಗೆ ನೆಟ್ ನಿಂತೇ ಹೋಗುತ್ತದೆ. ಜಗತ್ತಿನಲ್ಲಿ 2ಜಿ, 3ಜಿ ಒಂದೊಂದಾಗಿ ಮುಚ್ಚುತ್ತಿವೆ. ನನ್ನ ಜಾಲದಲ್ಲಿ ಅವು ಮುಚ್ಚಿದ ದಿನ ಈ ಫೋನ್ ಮಾತು ಬಿಡುತ್ತದೆ. ಓಎಸ್ ಹಾಕುವ ಮೊದಲು ಪಟ್ಟಿಯಲ್ಲಿ ನಾನು ಕ್ಯಾಮೆರಾದ ಸಾಲು ನೋಡಿದೆ, ಇದನ್ನು ನೋಡಲಿಲ್ಲ. ನೀವು ಮೊದಲು ಇದನ್ನೇ ನೋಡಿ.

ವಾಟ್ಸಾಪ್ ಹೊಸ ಫೋನಿನಲ್ಲೇ ಉಳಿಯಿತು, ಆ ಫೋನ್ ಡ್ರಾಯರ್ ಸೇರಿತು. ಇಲ್ಲಿ ಬ್ರೌಸರ್‌ನಲ್ಲಿ ಲಿಂಕ್ ಮಾಡಿಕೊಂಡಿದ್ದೇನೆ. ಮೂಲ ಫೋನಿನಲ್ಲಿ 14 ದಿನಕ್ಕೂ ಜಾಸ್ತಿ ಬಳಸದಿದ್ದರೆ ಲಿಂಕ್ ಕಳಚಿಕೊಳ್ಳುತ್ತದೆ. ಹಾಗಾಗಿ ಉಬುಂಟು ಟಚ್‌ನ ಕ್ಯಾಲೆಂಡರ್‌ನಲ್ಲಿ ಹನ್ನೆರಡು ದಿನಕ್ಕೊಮ್ಮೆ ಬರುವ ಒಂದು ನೆನಪೋಲೆ ಇದೆ: "ಡ್ರಾಯರ್ ತೆಗಿ." ತೆಗೆದು, ಚಾರ್ಜಿಗೆ ಹಾಕಿ, ವಾಟ್ಸಾಪ್ ಒಮ್ಮೆ ತೆರೆದು, ಮತ್ತೆ ಒಳಗಿಡುತ್ತೇನೆ.