ಹಾಸನ–ಚಿಕ್ಕಮಗಳೂರು 10ಜಿ: ಬೇಲೂರಿನಲ್ಲಿ ಸ್ವಿಚ್ ಇಡದೆ

ಹಾಸನದಿಂದ ಚಿಕ್ಕಮಗಳೂರಿಗೆ ಸೆಕೆಂಡಿಗೆ 10 ಗಿಗಾಬಿಟ್‌ನ (10ಜಿ) ಫೈಬರ್ ಲಿಂಕ್ ಹಾಕಲು, ನಡುವೆ ಬೇಲೂರಿನಲ್ಲಿ ಬೆಳಕನ್ನು ಮತ್ತೆ ಕಳಿಸುವ ಒಂದು ಸ್ವಿಚ್, ಯುಪಿಎಸ್, ಬಾಡಿಗೆ ಕೋಣೆ ಬೇಕೇ ಬೇಕು ಎಂದವರೇ ಹೆಚ್ಚು. ಅದ್ಯಾವುದೂ ಇಲ್ಲದೆ ಲಿಂಕ್ ಓಡುತ್ತಿದೆ, ಒಂದು ಮಳೆಗಾಲವನ್ನೂ ದಾಟಿದೆ. ಹಾಸನದ ಸರ್ವರ್ ರೂಮಿನಿಂದ ಚಿಕ್ಕಮಗಳೂರಿನ ಬ್ಯಾಕಪ್ ರ‍್ಯಾಕಿಗೆ ಫೈಬರ್ ಸುಮಾರು 68 ಕಿ.ಮೀ. ಎರಡೂ ತುದಿಗೆ 1550 ನ್ಯಾನೊಮೀಟರ್ ತರಂಗದ, 80 ಕಿ.ಮೀ.ವರೆಗಿನ ಝಡ್‌ಆರ್ ಎಸ್‌ಎಫ್‌ಪಿ ಪ್ಲಸ್ (ಸ್ವಿಚ್ಚಿಗೆ ಸಿಕ್ಕಿಸುವ, ಬೆಳಕು ಕಳಿಸಿ ಪಡೆಯುವ ಮಾಡ್ಯೂಲ್), ಬೇರೆ ಕಂಪನಿಯ ಕಂಪ್ಯಾಟಿಬಲ್ ಮಾಲು. ಜೋಡಿಗೆ 25 ಸಾವಿರದ ಆಸುಪಾಸು. ಸ್ವಿಚ್ ಕಂಪನಿಯ ಸ್ವಂತ ಮಾಡ್ಯೂಲಿಗೆ ಬಂದ ಕೊಟೇಶನ್ ಇದರ ಐದಾರು ಪಟ್ಟು.

ಲೆಕ್ಕಕ್ಕೆ ದಾರಿಯಲ್ಲಿ ಬೆಳಕಿನ ಲಾಸ್ 18 ಡಿಬಿ. +1 ಡಿಬಿಎಂ (ಬೆಳಕಿನ ಬಲದ ಅಳತೆ) ಕಳಿಸಿದರೆ ಆಚೆ ತುದಿಯಲ್ಲಿ -17 ಸಿಗಬೇಕು. ಸಿಕ್ಕಿದ್ದು -25. ಝಡ್‌ಆರ್ ಹಿಡಿಯಬಲ್ಲ ಕನಿಷ್ಠ ಬೆಳಕೇ -24, ಹಾಗಾಗಿ ಲಿಂಕ್ ಬಂದು ಬಂದು ಹೋಗುತ್ತಿತ್ತು. ಎಲ್ಲರೂ ಮಾಡ್ಯೂಲನ್ನೇ ದೂರಿದರು. ಓಟಿಡಿಆರ್‌ನಲ್ಲಿ (ಫೈಬರ್ ಉದ್ದಕ್ಕೂ ಬೆಳಕು ಎಲ್ಲಿ ಕಳೆಯುತ್ತದೆಂದು ಗೆರೆಯಾಗಿ ತೋರಿಸುವ ಸಾಧನ) 1310 ತರಂಗಕ್ಕೆ ಗೆರೆ ಚೊಕ್ಕ. 1550ರಲ್ಲಿ ಬೇಲೂರು ದಾಟಿದ ಮೇಲೆ ಎರಡು ಕಡೆ ಮೆಟ್ಟಿಲಿನಂತೆ ಇಳಿತ. ತರಂಗ ಉದ್ದವಾದಷ್ಟೂ ಬಾಗಿದಲ್ಲಿ ಬೆಳಕು ಹೆಚ್ಚು ಸೋರುತ್ತದೆ. ಜಾಯಿಂಟ್ ಬಾಕ್ಸ್ ತೆರೆದರೆ ಟ್ರೇಯೊಳಗಿನ ಫೈಬರ್ ಸುತ್ತನ್ನು ಕೇಬಲ್ ಟೈ ಹಾಕಿ ಬಿಗಿದಿದ್ದರು. ಟೈ ಕತ್ತರಿಸಿ, ಸುತ್ತಿನ ವ್ಯಾಸ 6 ಸೆಂ.ಮೀ.ಗಿಂತ ಅಗಲ ಮಾಡಿದ್ದೇ -17 ಬಂತು. ಸ್ಪ್ಲೈಸಿಂಗ್‌ನವರ (ಫೈಬರ್ ಬೆಸೆಯುವವರ) ಕೂಲಿ, ಗಾಡಿ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು.

ಓಡಿಎಫ್ (ಫೈಬರ್ ಬಂದು ಸೇರುವ ಪೆಟ್ಟಿಗೆ) ಹಸಿರು ಎಪಿಸಿ, ಅಂದರೆ ಓರೆ ಮುಖದ ಕನೆಕ್ಟರ್; ಮಾಡ್ಯೂಲ್ ನೀಲಿ ಯುಪಿಸಿ, ಅಂದರೆ ನೇರ ಮುಖದ್ದು. ಎಸ್‌ಸಿ/ಎಪಿಸಿಯಿಂದ ಎಲ್‌ಸಿ/ಯುಪಿಸಿಗೆ ಹೋಗುವ ಪ್ಯಾಚ್ ಕಾರ್ಡನ್ನೇ ತರಿಸಿ (ಎಸ್‌ಸಿ ದೊಡ್ಡ ಕನೆಕ್ಟರ್, ಎಲ್‌ಸಿ ಚಿಕ್ಕದು). ಹಸಿರಿಗೆ ನೀಲಿ ತುರುಕಿದರೆ ಎರಡೂ ಮುಖ ಹಾಳಾಗಬಹುದು.

ಸ್ವಿಚ್ ಈ ಮಾಡ್ಯೂಲನ್ನು ತನ್ನದೆಂದು ಒಪ್ಪುವಂತೆ ಅದರ ಮೆಮೊರಿಗೆ ಬರೆಯುವ ಕೋಡಿಂಗ್ ನಾವೇ ಮಾಡಿಕೊಂಡೆವು. ಮೆಮೊರಿಯ ಎ0 ಪುಟದ 20–35ನೇ ಬೈಟ್‌ಗಳಲ್ಲಿ ಕಂಪನಿ ಹೆಸರು, 40–55ರಲ್ಲಿ ಪಾರ್ಟ್ ನಂಬರ್, 68–83ರಲ್ಲಿ ಸೀರಿಯಲ್. ಬದಲಿಸಿದ ಮೇಲೆ 63 ಮತ್ತು 95ನೇ ಬೈಟಿನ ಚೆಕ್‌ಸಮ್ (ತಾಳೆ ನೋಡುವ ಮೊತ್ತ) ಮತ್ತೆ ಬರೆಯದಿದ್ದರೆ ಪೋರ್ಟ್ ಏಳುವುದಿಲ್ಲ. ಒಂದೇ ಸ್ವಿಚ್ಚಿಗೆ ಒಂದೇ ಸೀರಿಯಲ್ಲಿನ ಎರಡು ಮಾಡ್ಯೂಲ್ ಹಾಕಬೇಡಿ. 96ರಿಂದ ಮುಂದೆ, ಕಂಪನಿಗೇ ಬಿಟ್ಟ ಜಾಗದಲ್ಲಿ, ನಾವು ಬರೆದದ್ದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅಸಲಿ ಮಾಡ್ಯೂಲ್ ಒಂದನ್ನು ಓದಿ ನೋಡಿದವರಿಗೆ ಗೊತ್ತಾಗುತ್ತದೆ.

ಈ ಮಧ್ಯೆ ಬೇಲೂರಿನವರೆಗೆ, ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಬೆಳಕು ಓಡಿಸುವ 1270/1330 ಬೈಡಿ ಮಾಡ್ಯೂಲನ್ನೂ ಹಾಕಿ ನೋಡಿದೆವು. ಆ ತರಂಗಕ್ಕೆ ಕಿ.ಮೀ.ಗೆ ಸುಮಾರು 0.35 ಡಿಬಿ ಹೋಗುವುದರಿಂದ ಕೈಯಲ್ಲಿ ಉಳಿಯುವುದು ಎರಡೋ ಮೂರೋ ಡಿಬಿ. ರಸ್ತೆ ಅಗೆತಕ್ಕೆ ಇನ್ನೆರಡು ಸ್ಪ್ಲೈಸ್ ಬಿದ್ದರೆ ಅದೂ ಕಡಿಮೆಯಾಗುತ್ತದೆ. ಕೈಬಿಟ್ಟೆವು.

ಟೇಬಲ್ ಮೇಲೆ ಪರೀಕ್ಷಿಸುವಾಗ ಝಡ್‌ಆರ್ ಎರಡನ್ನು ನೇರ ಜೋಡಿಸಲೇಬೇಡಿ. ರಿಸೀವರ್ -7 ಡಿಬಿಎಂಗಿಂತ ಹೆಚ್ಚು ಬೆಳಕನ್ನು ತಾಳಿಕೊಳ್ಳುವುದಿಲ್ಲ, ಸುಟ್ಟೇ ಹೋಗಬಹುದು. ನಡುವೆ 15 ಡಿಬಿ ಅಟೆನ್ಯುಯೇಟರ್ (ಬೆಳಕು ಕುಗ್ಗಿಸುವ ತುಂಡು) ಇರಲಿ, ಬೆಲೆ ಕೆಲವೇ ನೂರು. ರ‍್ಯಾಕಿನಲ್ಲಿ ಪಕ್ಕದ ಪೋರ್ಟ್ ಖಾಲಿ ಬಿಡಿ: ಮಾಡ್ಯೂಲ್ ತಾನೇ ತೋರಿಸುವ ಡಿಡಿಎಂ ಅಳತೆಯಲ್ಲಿ 60 ಡಿಗ್ರಿ ಮುಟ್ಟುತ್ತಿದ್ದದ್ದು ಹಾಗೆ ಬಿಟ್ಟ ಮೇಲೆ 50ರ ಹತ್ತಿರ ನಿಂತಿದೆ.