ಬೀಗರಿಗೆ ಒಂದೇ ದಿನದಲ್ಲಿ ವಿಜಯಪುರ ತೋರಿಸುವುದು ಹೇಗೆ?

ಮನೆಗೆ ಬೀಗರು ಬಂದರೆ ಮಧ್ಯಾಹ್ನದ ಊಟ ಮುಗಿಸಿ ಗೋಳಗುಮ್ಮಟಕ್ಕೆ ಹೊರಡುವುದು ನಮ್ಮೂರಿನ ರೂಢಿ. ನಾನೂ ಒಂದು ಭಾನುವಾರ ಹುಬ್ಬಳ್ಳಿಯಿಂದ ಬಂದ ಅತ್ತಿ, ಮಾಮನನ್ನು ಹಾಗೇ ಕರೆದೊಯ್ದಿದ್ದೆ. ಮೇಲೆ ಹೋದರೆ ಕೂಗು, ಸೀಟಿ, ಚಪ್ಪಾಳೆ. ಅತ್ತಿ ಎರಡೂ ಕಿವಿ ಮುಚ್ಚಿಕೊಂಡು ಕೆಳಗಿಳಿದರು. ಪಿಸುಮಾತು ಕೇಳಬೇಕಾದ ಜಾಗದಲ್ಲಿ ಅವರಿಗೆ ಕೇಳಿಸಿದ್ದು ಗದ್ದಲ ಮಾತ್ರ. ಅಂದಿನಿಂದ ಯಾರೇ ಬರಲಿ, ಜನಸಂದಣಿ ಮತ್ತು ಬಿಸಿಲು ನೋಡಿಕೊಂಡೇ ದಿನ ಹೊಂದಿಸುತ್ತೇನೆ.

ಬೆಳಿಗ್ಗೆ: ಗುಮ್ಮಟ

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಕಡಿದು, ಇಕ್ಕಟ್ಟು. ಏಳು ಅಂತಸ್ತು ಹತ್ತಬೇಕು. ಮೊಣಕಾಲು ನೋವಿನವರನ್ನು ಒತ್ತಾಯಿಸಬೇಡಿ, ಕೆಳಗೆ ತೋಟದ ನೆರಳಿದೆ. ಮುಂದಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವೂ ಇದೆ, ಶುಕ್ರವಾರ ಮಾತ್ರ ರಜೆ.

ಮೇಲಿನ ಸುತ್ತುಗಟ್ಟೆಯಲ್ಲಿ ಒಬ್ಬರನ್ನು ಈಚೆ, ಇನ್ನೊಬ್ಬರನ್ನು ನೇರ ಎದುರಿಗೆ ನಿಲ್ಲಿಸಿ. ನಡುವಿನ ಅಂತರ ಸುಮಾರು 38 ಮೀಟರ್. ‘ಮಾಮಾ, ಗ್ವಾಡಿಗಿ ಕಿವಿ ಹಚ್ಚರಿ’ ಎಂದು ಮೊದಲೇ ಹೇಳಿಡಿ. ಮಾತಾಡುವವರು ಮುಖವನ್ನು ಗೋಡೆಯತ್ತ ತಿರುಗಿಸಿ, ಉಸಿರಿನಷ್ಟೇ ಮೆಲ್ಲಗೆ ಹೆಸರು ಕರೆಯಲಿ. ಬಾಗಿದ ಗೋಡೆಯನ್ನು ತಬ್ಬಿಕೊಂಡೇ ದನಿ ಸಾಗುವುದರಿಂದ ಚದುರುವುದಿಲ್ಲ, ಪಕ್ಕದಲ್ಲೇ ನಿಂತು ಕರೆದಂತೆ ಕೇಳುತ್ತದೆ. ಆಮೇಲೆ ಒಂದೇ ಒಂದು ಚಪ್ಪಾಳೆ ಹೊಡೆದು, ಅದು ಎಷ್ಟು ಸಲ ಮರಳಿ ಬರುತ್ತದೆಂದು ಎಲ್ಲರೂ ಸುಮ್ಮನಿದ್ದು ಎಣಿಸಿ. ದಯವಿಟ್ಟು ಕೂಗಬೇಡಿ. ಈ ಕಟ್ಟಡ ಮೆಲುದನಿಗೇ ಹೆಚ್ಚು ಒಲಿಯುವುದು.

ಕೆಳಗಿಳಿದ ಮೇಲೆ ನಡುವೆ ನಿಂತು ಕತ್ತೆತ್ತಿ ನೋಡಿ. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ. ಒಂದರೊಳಗೊಂದು ಹೆಣೆದ ಕಮಾನುಗಳು ಒಳಮುಖವಾಗಿ ಚಾಚಿ ಭಾರ ಹೊತ್ತಿವೆ. 1656ರಲ್ಲಿ ತೀರಿಕೊಂಡ ಇಲ್ಲಿನ ಸುಲ್ತಾನ ಮೊಹಮ್ಮದ್ ಆದಿಲ್‌ಶಾಹನ ಸಮಾಧಿ ಇದು. ಕಟ್ಟೆಯ ಮೇಲೆ ಕಾಣುವವು ಗುರುತಿನ ಗೋರಿಗಳು, ನಿಜವಾದವು ನೆಲದಡಿ ಇವೆ.

ನಾಷ್ಟಾಕ್ಕೆ ಸುಸಲಾ (ಒಗ್ಗರಣೆ ಹಾಕಿದ ಮಂಡಕ್ಕಿ), ಬಿಸಿ ಮಿರ್ಚಿಭಜಿ, ಚಹಾ ಸಾಕು. ಹೊಟ್ಟೆಯಲ್ಲಿ ರೊಟ್ಟಿಗೆ ಜಾಗವಿರಲಿ.

ಬಿಸಿಲೇರುವ ಮೊದಲು: ಕೋಟೆಗೋಡೆ

ಪಶ್ಚಿಮದ ಬುರುಜಿನ ಮೇಲೆ 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿದೆ, ತೂಕ ಸುಮಾರು 55 ಟನ್. ತೋಪಿನ ಬಾಯಿಯೇ ಸಿಂಹದ ಬಾಯಿ. ಅದರ ಹಲ್ಲುಗಳ ನಡುವೆ ಪುಟ್ಟ ಆನೆಯಿದೆ, ಮಕ್ಕಳೇ ಅದನ್ನು ಹುಡುಕಲಿ. ಸಮೀಪದ ಉಪ್ಪಲಿ ಬುರುಜು ಹತ್ತಿದರೆ ಊರೆಲ್ಲ ಕಾಣುತ್ತದೆ. ದಾರಿಯಲ್ಲಿ ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹನ ಪೂರ್ತಿಯಾಗದ ಸಮಾಧಿಗೆ ಕಾಲು ಗಂಟೆ ಸಾಕು.

ಊಟ

ದೊಡ್ಡ ಹೋಟೆಲಿಗೆ ಬೇಡ, ಖಾನಾವಳಿಗೆ ಕರೆದೊಯ್ಯಿರಿ. ಬಿಳಿಜೋಳದ ಬಿಸಿ ರೊಟ್ಟಿ, ಎಣ್ಣಿಗಾಯಿ ಬದನಿ, ಝುಣಕ, ಕಾಳುಪಲ್ಯ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ಬರುತ್ತವೆ. ಹೊಸಬರು ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಒಣಗಿದ್ದಂತೇ ಬಾಯಿಗೆ ಹಾಕಿಕೊಂಡು ಕೆಮ್ಮುತ್ತಾರೆ. ಹಿಂಡಿಯ ಗುಡ್ಡಿ ಮಾಡಿ, ನಡುವೆ ಬೆರಳಿನಿಂದ ಗುಳಿ ತೋಡಿ, ಗಟ್ಟಿ ಮೊಸರು ಬಿಟ್ಟು ಕಲಸಿಕೊಡಿ. ರೊಟ್ಟಿ ತುಣುಕಿನಿಂದ ಎಣ್ಣಿಗಾಯಿಯ ಮಸಾಲಿ ಒತ್ತಿ ತೆಗೆಯುವುದನ್ನೂ ತೋರಿಸಿ. ‘ಇನ್ನೊಂದು ಹಾಕ್ರಿ’ ಎಂದು ಅವರೇ ಕೇಳುತ್ತಾರೆ. ಆಮೇಲೆ ಮನೆಗೆ ಬಂದು ಎಲ್ಲರೂ ಒಂದು ನಿದ್ದೆ ಮಾಡಿ. ಬೇಸಿಗೆಯಲ್ಲಂತೂ ಮಧ್ಯಾಹ್ನ ತಿರುಗಾಟ ಬೇಡವೇ ಬೇಡ.

ಸಂಜೆ: ಇಬ್ರಾಹಿಂ ರೋಜಾ

ಬಹಳ ಜನ ಇದನ್ನು ಹೊತ್ತಿಲ್ಲವೆಂದು ಬಿಟ್ಟುಬಿಡುತ್ತಾರೆ. ನನಗೆ ಊರಿನಲ್ಲೆಲ್ಲ ಪ್ರೀತಿಯ ಜಾಗ ಇದೇ. ನಾಲ್ಕೂವರೆಗೆ ತಲುಪಿ. ಒಂದೇ ಕಟ್ಟೆಯ ಮೇಲೆ ಎದುರುಬದುರು ಸಮಾಧಿ ಮತ್ತು ಮಸೀದಿ, ನಡುವೆ ಹೊಂಡ. ಗುಮ್ಮಟದಲ್ಲಿ ಗಾತ್ರಕ್ಕೆ ಬೆರಗಾದವರು ಇಲ್ಲಿ ಕೆತ್ತನೆಗೆ ಹತ್ತಿರ ಹೋಗಬೇಕು. ಕಿಟಕಿಗಳನ್ನು ನೋಡಿ: ಕಲ್ಲಿನಲ್ಲಿ ಕೊರೆದ ಅರಬ್ಬೀ ಅಕ್ಷರಗಳೇ ಅಲ್ಲಿ ಜಾಲರಿ. ಒಳಗೆ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹ 1627ರಲ್ಲಿ ತೀರಿಕೊಂಡ. ಸಂಗೀತಪ್ರಿಯ ದೊರೆ, ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿ, ಗಣಪತಿಯರನ್ನು ಸ್ತುತಿಸಿದವನು. ಜನ ಅವನನ್ನು ಜಗದ್ಗುರು ಬಾದಶಹ ಎಂದರು. ಹೊಂಡದ ಪಕ್ಕ ಕುಳಿತು ಬೀಗರಿಗೆ ಇಷ್ಟನ್ನು ಹೇಳಿ, ಆಮೇಲೆ ಅವರನ್ನು ಅವರ ಪಾಡಿಗೆ ಬಿಡಿ.

ಮರಳುವಾಗ ಬಜಾರಿನಲ್ಲಿ ಒಣದ್ರಾಕ್ಷಿ ಕೊಳ್ಳಿ. ಎರಡು ಕಾಳು ಬಾಯಿಗೆ ಹಾಕಿ ಹುಳಿ-ಸಿಹಿ ನೋಡಿಯೇ ಕಟ್ಟಿಸಿ. ಜತೆಗೆ ಮನೆಯ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಕೊಟ್ಟು ರೈಲು ಹತ್ತಿಸಿ.